ಬೇರೆಯವರ ಬೀಡಿ-ಸಿಗರೇಟಿನ ಹೊಗೆ: ದೊಡ್ಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗು ಎತ್ತಿಕೊಂಡು ಬಂದರೆ ಎದುರಿಗಿರುವವರು ಸಿಗರೇಟು ಆರಿಸುತ್ತಾರೆ. ಬಸುರಿ ಬಂದರೂ ಆರಿಸುತ್ತಾರೆ. ಐವತ್ತು ವರ್ಷದ ಹೆಂಗಸು ಬಂದು ಪಕ್ಕದಲ್ಲಿ ಕೂತರೆ ಯಾರೂ ಆರಿಸುವುದಿಲ್ಲ. ಅವಳೂ ಕೇಳುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ಎಲ್ಲದಕ್ಕೂ ಒಂದು ಮಾತಿದೆಯಲ್ಲ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ. ಹೊಗೆಯ ವಿಷಯದಲ್ಲೂ ಅದನ್ನೇ ಮಾಡುತ್ತಾ ಬಂದಿದ್ದೇವೆ.

ನಾನು ಡಾಕ್ಟರ್ ಅಲ್ಲ, ಲಾಯರೂ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಬರುವ ಪ್ರಶ್ನೆ, ನೆಂಟರು ಫೋನಿನಲ್ಲಿ ಕೇಳುವ ಪ್ರಶ್ನೆ ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಈ ವಿಷಯ ನನ್ನ ಮನಸ್ಸಿಗೆ ಇಷ್ಟು ಹತ್ತಿರ ಆಗಲು ಕಾರಣ ನಮ್ಮಮ್ಮ. ಅವರು ಬೀಡಿ ಮುಟ್ಟಿದವರಲ್ಲ. ಚಾಮರಾಜಪೇಟೆಯ ವಠಾರದ ಒಂದೂವರೆ ಕೋಣೆಯ ಮನೆಯಲ್ಲಿ ಅಪ್ಪನ ಬೀಡಿ ಹೊಗೆಯ ಜೊತೆ ಮೂವತ್ತು ವರ್ಷ ಕಳೆದರು. ಈಗ ಎರಡು ಹೊತ್ತು ಇನ್‌ಹೇಲರ್. ಸೀಮೆಎಣ್ಣೆ ಸ್ಟವ್ ಹೊಗೆಯೂ ಇತ್ತು, ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು ಅಂದರು ಡಾಕ್ಟರ್. ಆದರೆ ಅವರು ಮೊದಲು ಕೇಳಿದ್ದು ಒಂದೇ ಮಾತು: ‘ಮನೆಯಲ್ಲಿ ಯಾರು ಸೇದ್ತಾ ಇದ್ರಮ್ಮಾ?’

ತೊಂದರೆ ಸೇದುವವರಿಗೆ ತಾನೇ? ಪಕ್ಕದಲ್ಲಿ ಕೂತವರಿಗೆ ಏನಾಗುತ್ತದೆ?

ಸೇದುವವರು ಒಂದು ಸಿಗರೇಟನ್ನು ಬಾಯಲ್ಲಿಟ್ಟು ಎಳೆಯುವ ಹೊತ್ತು ಕಡಿಮೆ. ಉಳಿದ ಹೊತ್ತು ಅದು ಬೆರಳ ಸಂದಿಯಲ್ಲಿ ಸುಮ್ನೆ ಉರಿಯುತ್ತಿರುತ್ತದೆ. ಕೋಣೆ ತುಂಬುವ ಹೊಗೆಯಲ್ಲಿ ಹೆಚ್ಚಿನ ಪಾಲು ಹಾಗೆ ತುದಿಯಿಂದ ಎದ್ದದ್ದೇ. ದಮ್ಮು ಎಳೆಯದೇ ಇದ್ದಾಗ ತುದಿಯ ಬಿಸಿ ಕಡಿಮೆ, ತಂಬಾಕು ಸರಿಯಾಗಿ ಸುಡುವುದಿಲ್ಲ. ಅದಕ್ಕೇ ಆ ಹೊಗೆಯಲ್ಲಿ ಕೆಲವು ವಿಷಗಳು, ಸೇದುವವರು ಒಳಗೆ ಎಳೆದುಕೊಳ್ಳುವ ಹೊಗೆಗಿಂತಲೂ ಜಾಸ್ತಿ ಇರುತ್ತವೆ. ಅವರ ಸಿಗರೇಟಿಗೆ ಫಿಲ್ಟರ್ ಇದೆ. ನಿಮ್ಮ ಮೂಗಿಗೆ ಇಲ್ಲ.

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಬೆಂಜೀನ್, ಫಾರ್ಮಾಲ್ಡಿಹೈಡ್, ಆರ್ಸೆನಿಕ್ ಎಲ್ಲ ಅದರಲ್ಲೇ ಇವೆ.

ಮಕ್ಕಳಿಗೆ ಕೆಟ್ಟದ್ದು, ಗೊತ್ತು. ದೊಡ್ಡವರಿಗೂ ನಿಜವಾಗಿ ಕಾಯಿಲೆ ಬರುತ್ತದಾ?

ಬರುತ್ತದೆ. ಇದು ಹೊಸ ಮಾತೂ ಅಲ್ಲ. 1981ರಲ್ಲೇ ಜಪಾನಿನ ತಕೇಶಿ ಹಿರಾಯಾಮ ಎಂಬ ವಿಜ್ಞಾನಿ ಒಂದು ಅಧ್ಯಯನ ಪ್ರಕಟಿಸಿದರು. ತಾವು ಸೇದದ 91,000ಕ್ಕೂ ಹೆಚ್ಚು ಗೃಹಿಣಿಯರನ್ನು 14 ವರ್ಷ ಗಮನಿಸಿದ್ದರು. ಗಂಡ ಜಾಸ್ತಿ ಸೇದುತ್ತಿದ್ದ ಮನೆಗಳಲ್ಲಿ ಹೆಂಡತಿಯರಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಕಂಡಿತು. ಅದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ಜಪಾನ್ ಅಲ್ಲ, ನಮ್ಮ ವಠಾರ.

ಆಮೇಲೆ ಎಷ್ಟೋ ದೇಶಗಳಲ್ಲಿ ಇದನ್ನೇ ನೋಡಿದರು. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) ವರದಿ ಬಂತು. ಮನೆಯಲ್ಲೋ ಕೆಲಸದ ಜಾಗದಲ್ಲೋ ಬೇರೆಯವರ ಹೊಗೆ ಕುಡಿಯುವ, ತಾವು ಸೇದದ ದೊಡ್ಡವರಿಗೆ ಹೃದಯದ ಕಾಯಿಲೆಯ ಅಪಾಯ ಶೇಕಡಾ 25ರಿಂದ 30ರಷ್ಟು ಜಾಸ್ತಿ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಶೇಕಡಾ 20ರಿಂದ 30ರಷ್ಟು ಜಾಸ್ತಿ ಎಂದು ಅದು ಹೇಳಿತು. ಪಾರ್ಶ್ವವಾಯುವಿನ ಅಪಾಯವೂ ಏರುತ್ತದೆ. ಆಸ್ತಮಾ ಇದ್ದವರ ಪಾಡಂತೂ ಹೇಳಲೇಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಬೇರೆಯವರ ಹೊಗೆಯಿಂದ ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರು ಯಾರೂ ಆ ಸಿಗರೇಟು ಹಚ್ಚಿದವರಲ್ಲ.

ಟೀ ಅಂಗಡಿ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಏನಾಗಿಬಿಡುತ್ತದೆ?

ಒಂದು ಸಂಜೆಗೆ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಡಿ. ಆದರೆ ಹೃದಯ ಮತ್ತು ರಕ್ತನಾಳದ ಕಥೆ ಬೇರೆ. ಅವು ಬೇಗ ನೊಂದುಕೊಳ್ಳುತ್ತವೆ. 2001ರಲ್ಲಿ ಜಪಾನಿನ ವೈದ್ಯರು ಸಿಗರೇಟು ಸೇದದ ಆರೋಗ್ಯವಂತರನ್ನು ಅರ್ಧ ಗಂಟೆ ಹೊಗೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಹಿಗ್ಗುವ ಶಕ್ತಿ ಅಷ್ಟರಲ್ಲೇ ಕುಂದಿ, ಸೇದುವವರಲ್ಲಿ ಇರುವಷ್ಟಕ್ಕೇ ಇಳಿದಿತ್ತು. ಬರೀ ಅರ್ಧ ಗಂಟೆ. ಮೊದಲೇ ಬಿಪಿ, ಶುಗರ್ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟೀ ಪಾರ್ಸೆಲ್ ತೊಗೊಂಡು ನಾಲ್ಕು ಹೆಜ್ಜೆ ಆಚೆ ಹೋಗಿ ಕುಡಿಯಿರಿ.

ಇಷ್ಟು ಹೊಗೆಯಾದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟ ಯಾವುದೂ ಇಲ್ಲ ಎಂದು ಆ 2006ರ ವರದಿಯೇ ಹೇಳಿದೆ.

ನಮ್ಮೆಜಮಾನರು ಬಾಲ್ಕನಿಗೆ ಹೋಗಿ ಸೇದುತ್ತಾರೆ. ಅಷ್ಟು ಸಾಕಲ್ವಾ?

ಸಾಲದು. ಬಾಲ್ಕನಿ ಬಾಗಿಲು ತೆರೆದಿದ್ದರೆ ಗಾಳಿ ಒಳಗೇ ಬರುತ್ತದೆ. ಬಾಗಿಲು ಮುಚ್ಚಿದ್ದರೆ ನಿಮ್ಮ ಮನೆಗೆ ಕಡಿಮೆಯಾಗಿ ಮೇಲಿನವರ ಮನೆಗೆ ಹೋಗುತ್ತದೆ. ಬಚ್ಚಲಿನಲ್ಲಿ ಸೇದಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಡಕ್ಟಿನೊಳಗೆ ಹೋಗಿ ಇನ್ನೊಬ್ಬರ ಬಚ್ಚಲಲ್ಲಿ ಏಳುತ್ತದೆ. ಕಿಟಕಿ ತೆಗೆದರೆ ಕಣ್ಣಿಗೆ ಕಾಣುವ ಹೊಗೆ ಬೇಗ ಹೋಗುತ್ತದೆ, ಕಾಣದ ಸಣ್ಣ ಕಣಗಳು ಗಂಟೆಗಟ್ಟಲೆ ಉಳಿಯುತ್ತವೆ.

ಏರ್ ಪ್ಯೂರಿಫೈಯರ್ ಬಗ್ಗೆಯೂ ಕೇಳುತ್ತಾರೆ. ಕಣಗಳನ್ನು ಒಂದಿಷ್ಟು ಹಿಡಿಯುತ್ತದೆ, ಅನಿಲಗಳನ್ನು ಪೂರ್ತಿ ಹಿಡಿಯುವುದಿಲ್ಲ. ಕಟ್ಟಡಗಳ ಗಾಳಿ-ಬೆಳಕಿನ ವ್ಯವಸ್ಥೆ ಮಾಡುವ ಎಂಜಿನಿಯರುಗಳ ಸಂಸ್ಥೆ ಆಶ್ರೇ ಕೂಡ, ಒಳಗೆ ಸೇದುವುದನ್ನು ನಿಲ್ಲಿಸುವುದೊಂದೇ ದಾರಿ ಎಂದಿದೆ. ಊದಿನಕಡ್ಡಿ ಹಚ್ಚಿ ವಾಸನೆ ಮುಚ್ಚುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಹೊಗೆಯ ಮೇಲೆ ಇನ್ನೊಂದು ಹೊಗೆ, ಅಷ್ಟೇ.

ಹೊರಗೆ ಅಂದರೆ ಮನೆಯಿಂದ ಹೊರಗೆ, ಗೇಟಿನ ಆಚೆ. ನಾಲ್ಕನೇ ಮಹಡಿಯಿಂದ ಇಳಿದು ಹೋಗಬೇಕು ಅಂದರೆ ದಿನಕ್ಕೆ ಎಂಟು ಸೇದುವವರು ನಾಲ್ಕಕ್ಕೆ ಇಳಿಯುವುದನ್ನೂ ನಾನು ನೋಡಿದ್ದೇನೆ.

ಸೇದಿ ಮುಗಿಸಿದ ಮೇಲೆ ಕೋಣೆಗೆ ಹೋಗಬಹುದಾ?

ಹೊಗೆಯ ಪಸೆ ಪರದೆ, ಸೋಫಾ, ಹಾಸಿಗೆ, ಗೋಡೆಗೆ ಅಂಟಿಕೊಂಡು ಕೂರುತ್ತದೆ. ಬಾಡಿಗೆ ಮನೆ ನೋಡಲು ಹೋದಾಗ ಬಾಗಿಲು ತೆಗೆದ ತಕ್ಷಣ ಹಿಂದಿನವರು ಸೇದುತ್ತಿದ್ದರು ಅಂತ ಗೊತ್ತಾಗುತ್ತದಲ್ಲ, ಅದೇ. ಅಲ್ಲಿ ಕೂತ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಸಿಡ್ ಜೊತೆ ಸೇರಿ ಕ್ಯಾನ್ಸರ್ ತರಬಲ್ಲ ವಸ್ತುಗಳನ್ನು ಹುಟ್ಟಿಸುತ್ತದೆ ಎಂದು 2010ರಲ್ಲಿ ಅಮೆರಿಕದ ಬರ್ಕ್‌ಲಿ ಪ್ರಯೋಗಾಲಯದವರು ತೋರಿಸಿದರು. ಪರದೆ, ಹೊದಿಕೆ ಒಗೆಯಿರಿ. ಗೋಡೆ ಒರೆಸಿ ಬಣ್ಣ ಹೊಡೆಸಿ.

ಬೀಡಿ ಸಣ್ಣದು, ಎಲೆಯದ್ದು. ಅದರ ಹೊಗೆ ಅಷ್ಟು ಕೆಟ್ಟದ್ದಲ್ಲ ಅಂತಾರಲ್ಲ?

ಸುಳ್ಳು. ಬೀಡಿಯಿಂದ ಬರುವ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿನದ್ದಕ್ಕಿಂತ ಕಡಿಮೆಯೇನಿಲ್ಲ, ಹೆಚ್ಚೇ. ಪದೇ ಪದೇ ಆರಿಹೋಗುತ್ತದೆ ಅಂತ ಜೋರಾಗಿ ಎಳೆಯುತ್ತಿರಬೇಕು ಬೇರೆ.

ಮನೆಯೊಳಗೆ ಸೇದಬಾರದು ಅಂತ ಕಾನೂನು ಇದೆಯಾ?

ಇಲ್ಲ. ನಮ್ಮ ಕಾನೂನು ಸಾರ್ವಜನಿಕ ಸ್ಥಳಕ್ಕೆ ಮಾತ್ರ. ಮನೆಯ ಹೊಸ್ತಿಲ ಹತ್ತಿರ ಅದು ನಿಂತುಬಿಡುತ್ತದೆ. ಆದರೆ ಹೊಗೆ ಜಾಸ್ತಿ ಇರುವುದೇ ಹೊಸ್ತಿಲ ಒಳಗೆ. ಕೇಂದ್ರ ಸರ್ಕಾರದ 2016-17ರ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ದೇಶದ ದೊಡ್ಡವರಲ್ಲಿ ಶೇಕಡಾ 38.7ರಷ್ಟು ಜನ ಮನೆಯಲ್ಲೇ ಬೇರೆಯವರ ಹೊಗೆ ಕುಡಿಯುತ್ತಿದ್ದರು. 2009-10ರಲ್ಲಿ ಅದು 52.3 ಇತ್ತು. ಇಳಿದಿದೆ, ಸಂತೋಷ. ಆದರೂ ಹತ್ತರಲ್ಲಿ ನಾಲ್ಕು ಜನ ಅಂದರೆ ಕಡಿಮೆಯಾ?

ಅದೇ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಸೇದುವವರು ಶೇಕಡಾ 8.8 ಮಾತ್ರ. ಅಂದರೆ ನೂರರಲ್ಲಿ ತೊಂಬತ್ತೊಂದು ಜನ ಸೇದುವುದಿಲ್ಲ. ಅಡ್ಜಸ್ಟ್ ಮಾಡಿಕೊಳ್ಳುತ್ತಿರುವುದು ಆ ತೊಂಬತ್ತೊಂದು ಜನ.

ಮಾವನವರು ಮನೆಯ ಹಾಲ್‌ನಲ್ಲೇ ಸೇದುತ್ತಾರೆ. ಅವರಿಗೆ ಹೇಗೆ ಹೇಳಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರೆಲ್ಲ ಹೆಂಗಸರು. ಕೇಳುವಾಗ ದನಿ ತಗ್ಗಿಸುತ್ತಾರೆ.

‘ಸಿಗರೇಟು ಬಿಡಿ’ ಎಂದು ಶುರು ಮಾಡಬೇಡಿ. ಅದು ಅವರ ಚಟದ ಮೇಲೆ ಮಾತು ಆಗುತ್ತದೆ, ಜಗಳಕ್ಕೆ ತಿರುಗುತ್ತದೆ. ನೀವು ಕೇಳುತ್ತಿರುವುದು ಅದಕ್ಕಿಂತ ಚಿಕ್ಕದು: ಒಳಗೆ ಬೇಡ. ‘ಮಾವಾ, ನನಗೆ ರಾತ್ರಿಯೆಲ್ಲ ಕೆಮ್ಮು ಬರ್ತಿದೆ, ಎದೆ ಬಿಗಿಯುತ್ತೆ. ಕೆಳಗೆ ಹೋಗಿ ಸೇದ್ತೀರಾ?’ ಇಷ್ಟೇ ಸಾಕು. ‘ಮಕ್ಕಳಿಗೆ ಆಗಲ್ಲ’ ಅಂತ ಮಕ್ಕಳ ಹೆಸರು ಮುಂದೆ ಮಾಡಬೇಡಿ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಸೇದಬಹುದು ಅಂತ ಅರ್ಥವಾಗುತ್ತದೆ. ಮಧ್ಯಾಹ್ನ ಪೂರ್ತಿ ಆ ಮನೆಯಲ್ಲಿ ಇರುವವರು ನೀವು. ನಿಮ್ಮ ಉಸಿರಿನ ಬಗ್ಗೆ ನಿಮ್ಮ ಹೆಸರಲ್ಲೇ ಕೇಳಿ.

ಸೊಸೆ ಹೇಳುವುದಕ್ಕಿಂತ ಮಗ ಹೇಳಿದರೆ ಸುಲಭ ಅನ್ನುವ ಮನೆಗಳಿವೆ. ಹಾಗಿದ್ದರೆ ಗಂಡನೇ ಹೇಳಲಿ, ಅದು ಅವನ ಕೆಲಸವೂ ಹೌದು. ಮನೆ ಡಾಕ್ಟರ್ ಹತ್ತಿರ ಹೋದಾಗ ಮಾವನವರ ಎದುರಿಗೇ ವಿಷಯ ಎತ್ತಿದರೆ ಇನ್ನೂ ಒಳ್ಳೆಯದು. ಬಿಳಿ ಕೋಟಿನವರ ಒಂದು ಮಾತು ನಮ್ಮ ಹತ್ತು ಮಾತಿಗೆ ಸಮ.

ಕೆಳಗೆ ಒಂದು ಕುರ್ಚಿ ಹಾಕಿಸಿ. ಬಿಸಿಲು, ಮಳೆಗೆ ಒಂದು ಮರೆ ಇರಲಿ. ಹೊರಗೆ ಕಳಿಸುವುದೆಂದರೆ ಮನೆಯಿಂದ ದೂಡುವುದಲ್ಲ ಅಂತ ಅವರಿಗೆ ಗೊತ್ತಾಗಬೇಕು. ಮನೆಯೊಳಗಿನ ಆ್ಯಶ್‌ಟ್ರೇ ಎತ್ತಿಡಿ. ಬಂದ ನೆಂಟರಿಗೂ ಇದೇ ನಿಯಮ ಇರಲಿ. ಒಬ್ಬರಿಗೆ ಬಿಟ್ಟರೆ ಮರುದಿನದಿಂದ ಎಲ್ಲರಿಗೂ ಬಿಟ್ಟಂತೆ.

ನಮ್ಮಪ್ಪನಿಗೆ ನಾವು ಯಾರೂ ಹೇಳಲಿಲ್ಲ. ಹೇಳಬಹುದು ಅಂತಲೇ ಗೊತ್ತಿರಲಿಲ್ಲ. ಅಮ್ಮನ ಕಾಯಿಲೆ ತಿಳಿದ ದಿನ ಅಪ್ಪ ಕೇಳಿದರು, ‘ಮೊದ್ಲೇ ಒಂದು ಮಾತು ಹೇಳಬಾರದಿತ್ತಾ’ ಅಂತ. ಅಂದಿನಿಂದ ಅವರು ಒಳಗೆ ಒಂದು ಬೀಡಿಯನ್ನೂ ಹಚ್ಚಲಿಲ್ಲ.

ಕೆಳಗಿನ ಫ್ಲ್ಯಾಟಿನವರ ಹೊಗೆ ನಮ್ಮ ಬೆಡ್‌ರೂಮಿಗೆ ಬರುತ್ತದೆ. ಏನು ಮಾಡಬೇಕು?

ಮೊದಲು ಹೋಗಿ ಮಾತಾಡಿ. ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಡಿ, ಬಾಗಿಲು ತಟ್ಟಿ. ಮೇಲಿನ ಮನೆಗೆ ಹೊಗೆ ಹೋಗುತ್ತಿದೆ ಅಂತ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಸಾಧ್ಯವಾದರೆ ಅದೇ ಹೊತ್ತಿನಲ್ಲಿ ನಿಮ್ಮ ಕೋಣೆಗೆ ಕರೆದು ತೋರಿಸಿ. ನಮ್ಮ ಕಟ್ಟಡದಲ್ಲಿ ಮೂರು ದೂರು ಹೀಗೆ ಮುಗಿದವು.

ಮುಗಿಯದಿದ್ದರೆ ಸಂಘದ ಸಭೆಯಲ್ಲಿ ನಿಯಮ ಮಾಡಿಸಿ. ಲಿಫ್ಟ್, ಮೆಟ್ಟಿಲು, ಕಾರಿಡಾರ್, ಪಾರ್ಕಿಂಗ್, ಟೆರೇಸಿನಲ್ಲಿ ಸೇದುವಂತಿಲ್ಲ ಎಂದು ನಡವಳಿಯಲ್ಲಿ ಬರೆಸಿ, ಬೋರ್ಡ್ ಹಾಕಿಸಿ. ಕಾಂಪೌಂಡಿನ ಒಂದು ಮೂಲೆಯಲ್ಲಿ, ಕಿಟಕಿಗಳಿಂದ ದೂರ, ಸೇದುವವರಿಗೆ ಜಾಗ ಗೊತ್ತು ಮಾಡಿದರೆ ಜಗಳ ಅರ್ಧ ಕಡಿಮೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನಿಗೆ ಹಿಂದೆ ಮುಚ್ಚಿಕೊಳ್ಳುವ ಫ್ಲ್ಯಾಪ್ ಹಾಕಿಸಿ, ಪೈಪಿನ ಸುತ್ತ ಇರುವ ತೂತು ಮುಚ್ಚಿಸಿ.

ಯಾವ ಯಾವ ಜಾಗದಲ್ಲಿ ಸೇದುವಂತಿಲ್ಲ?

ಈ ಕಾನೂನಿನ ಹಿಂದೆ ಸೇದದವರ ಹೋರಾಟವೇ ಇದೆ. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ತಡೆಯಿತು. 2001ರ ನವೆಂಬರಿನಲ್ಲಿ ಮುಂಬೈನ ರಾಜಕಾರಣಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅದೇ ಮಾತು ಹೇಳಿತು. ಸೇದದವನು ಯಾಕೆ ಬೇರೆಯವರ ಹೊಗೆಗೆ ಬಲಿಯಾಗಬೇಕು ಅನ್ನುವುದೇ ಅಲ್ಲಿನ ಪ್ರಶ್ನೆ. 2003ರಲ್ಲಿ ತಂಬಾಕು ನಿಯಂತ್ರಣದ ಕೇಂದ್ರ ಕಾನೂನು, ಕೋಟ್ಪಾ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ಅದರ ಹೊಸ ನಿಯಮಗಳು ಜಾರಿಗೆ ಬಂದವು.

ಆಸ್ಪತ್ರೆ, ಕೋರ್ಟ್, ಸರ್ಕಾರಿ ಕಚೇರಿ, ಶಾಲೆ-ಕಾಲೇಜು, ಗ್ರಂಥಾಲಯ, ಸಿನಿಮಾ ಥಿಯೇಟರ್, ಮಾಲ್, ಹೋಟೆಲು, ಕ್ಯಾಂಟೀನ್, ಬಾರ್, ಪಬ್, ಕ್ರೀಡಾಂಗಣ, ರೈಲು ನಿಲ್ದಾಣ ಎಲ್ಲವೂ ಸೇರುತ್ತವೆ. ಬಸ್ ಸ್ಟಾಪ್ ಕೂಡ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದವರು ಹಚ್ಚಿದರೆ ಕೇಳುವ ಹಕ್ಕು ನಿಮಗಿದೆ. ಬಿಎಂಟಿಸಿ ಬಸ್ಸು, ಮೆಟ್ರೋ, ಆಟೋ, ಕ್ಯಾಬಿನೊಳಗೂ ಸೇದುವಂತಿಲ್ಲ. ಡ್ರೈವರ್ ಅಣ್ಣನಿಗೂ ಇದು ಅನ್ವಯಿಸುತ್ತದೆ.

ದಂಡ 200 ರೂಪಾಯಿ ತಾನೇ?

ಕರ್ನಾಟಕದಲ್ಲಿ ಈಗ ಅಲ್ಲ. ಕೋಟ್ಪಾಕ್ಕೆ ರಾಜ್ಯ ತಂದ ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ 2025ರ ಮೇ ಕೊನೆಯಲ್ಲಿ ಪ್ರಕಟವಾಯಿತು. ದಂಡ 1,000 ರೂಪಾಯಿಗೆ ಏರಿದೆ. ತಂಬಾಕು ಜಗಿದು ಉಗುಳುವುದೂ ಅದೇ ತಪ್ಪಿಗೆ ಸೇರಿದೆ. 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ. ಬೀಡಾ ಅಂಗಡಿಗಳಲ್ಲಿ ಒಂದೊಂದೇ ಸಿಗರೇಟು ಇನ್ನೂ ಕೈ ಬದಲಾಗುವುದನ್ನು ನಾನು ನೋಡುತ್ತಲೇ ಇದ್ದೇನೆ, ಅದು ಬೇಸರದ ಸಂಗತಿ.

ಪಬ್ಬಿನಲ್ಲಿ, ದೊಡ್ಡ ಹೋಟೆಲಿನಲ್ಲಿ ಸ್ಮೋಕಿಂಗ್ ಏರಿಯಾ ಇರುತ್ತದಲ್ಲ?

30 ಅಥವಾ ಅದಕ್ಕಿಂತ ಹೆಚ್ಚು ಕೋಣೆಯ ವಸತಿ ಹೋಟೆಲು, 30 ಅಥವಾ ಹೆಚ್ಚು ಸೀಟಿನ ರೆಸ್ಟೋರೆಂಟು, ವಿಮಾನ ನಿಲ್ದಾಣ, ಇವು ಪ್ರತ್ಯೇಕ ಜಾಗ ಇಡಬಹುದು. ಆದರೆ ಆ ಜಾಗಕ್ಕೆ ನಿಯಮ ಇದೆ. ನಾಲ್ಕೂ ಕಡೆ ಸೂರಿನವರೆಗೆ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ಹೊಗೆ ಬೇರೆ ಕಡೆ ಸೇರದೆ ನೇರ ಹೊರಗೆ ಹೋಗುವ ವ್ಯವಸ್ಥೆ ಇರಬೇಕು. ಒಂದು ಗಾಜಿನ ತಟ್ಟಿ ನಿಲ್ಲಿಸಿ ಈಚೆ ಊಟ, ಆಚೆ ಸಿಗರೇಟು ಅಂದರೆ ಅದು ಸ್ಮೋಕಿಂಗ್ ರೂಮ್ ಅಲ್ಲ. ಸೇದಬಾರದ ಕಡೆ ಮೇಜಿನ ಮೇಲೆ ಆ್ಯಶ್‌ಟ್ರೇ, ಲೈಟರ್ ಇಡುವುದೂ ತಪ್ಪು.

ನಮ್ಮ ಸಂಜೆ ಅಲ್ಲಿ ಎರಡು ಗಂಟೆ. ಅಲ್ಲಿ ತಟ್ಟೆ ಎತ್ತುವ ಹುಡುಗನಿಗೆ ದಿನಾ ಹತ್ತು ಗಂಟೆ. ಅವನು ಮಾಲೀಕನಿಗೆ ಹೇಳಿದರೆ ಕೆಲಸಕ್ಕೆ ಕುತ್ತು. ನೀವು ಗಿರಾಕಿ, ನಿಮ್ಮ ಮಾತು ಕೇಳುತ್ತಾರೆ. ಅವನ ಪರವಾಗಿಯೂ ನೀವೇ ಹೇಳಿ.

ಆಫೀಸಿನಲ್ಲಿ?

ಕೆಲಸದ ಜಾಗವೂ ಸಾರ್ವಜನಿಕ ಸ್ಥಳವೇ. ಆದರೂ 2016-17ರ ಸಮೀಕ್ಷೆಯಲ್ಲಿ, ಒಳಗೆ ಕೂತು ಕೆಲಸ ಮಾಡುವವರಲ್ಲಿ ಶೇಕಡಾ 30.2ರಷ್ಟು ಜನ ಅಲ್ಲಿ ಹೊಗೆ ಕುಡಿಯುತ್ತಿದ್ದರು. ದೊಡ್ಡ ಟೆಕ್ ಪಾರ್ಕುಗಳ ಒಳಗೆ ಶಿಸ್ತು ಇದೆ, ಗೇಟಿನ ಹೊರಗೆ ಗುಂಪು ಕಟ್ಟಿ ಸೇದುತ್ತಾರೆ. ಸೆಕ್ಯುರಿಟಿ ಅಣ್ಣನ ಕ್ಯಾಬಿನ್ ಅಲ್ಲೇ ಇರುತ್ತದೆ. ಎಚ್‌ಆರ್‌ಗೆ ಒಂದು ಮೇಲ್ ಬರೆದು ಆ ಗುಂಪನ್ನು ಗೇಟಿನಿಂದ ದೂರ ಮಾಡಿಸಿ.

ರಸ್ತೆ, ಫುಟ್‌ಪಾತಿನಲ್ಲಿ ಸೇದಿದರೆ?

ತೆರೆದ ರಸ್ತೆಗೆ ಈ ಕಾನೂನನ್ನು ಹಿಡಿದು ದಂಡ ಹಾಕಿಸುವುದು ಕಷ್ಟ. ಅಲ್ಲಿ ವಿನಂತಿಯೇ ದಾರಿ. ಸಿಗ್ನಲಿನಲ್ಲಿ ಮುಂದಿನ ಬೈಕಿನವರು ಹಚ್ಚಿದರೆ ನಾನು ಪಕ್ಕಕ್ಕೆ ಹೋಗಿ ನಿಲ್ಲುತ್ತೇನೆ.

ಹುಕ್ಕಾ, ವೇಪ್ ಹೊಗೆ ಪರವಾಗಿಲ್ವಾ?

ಎರಡೂ ಇಲ್ಲಿ ನಿಷಿದ್ಧ. ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ನಿಷೇಧಿಸಿತು. ಹೊಸ ತಿದ್ದುಪಡಿಯಲ್ಲಿ ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷದವರೆಗೆ ದಂಡ. ವೇಪ್, ಅಂದರೆ ಇ-ಸಿಗರೇಟು ಮಾರುವುದಕ್ಕೆ 2019ರಿಂದ ದೇಶದಲ್ಲೇ ನಿಷೇಧ ಇದೆ. ಹುಕ್ಕಾಗೆ ಹಣ್ಣಿನ ವಾಸನೆ ಇದ್ದರೂ ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ಸೇರಿ ಅದು ಹೊಗೆಯೇ.

ದೂರು ಕೊಡುವುದು ಹೇಗೆ?

ಒಳಗೆ ನುಗ್ಗುವ ಕಡೆ ‘ಇಲ್ಲಿ ಧೂಮಪಾನ ಅಪರಾಧ’ ಅನ್ನುವ ಬೋರ್ಡ್ ಇರಬೇಕು. ದೂರು ಯಾರಿಗೆ ಹೇಳಬೇಕು ಅನ್ನುವವರ ಹೆಸರೂ ಅದರ ಮೇಲಿರಬೇಕು. ಅವರಿಗೆ ಹೇಳಿ. ಮಾಲೀಕ ಅಥವಾ ಮ್ಯಾನೇಜರ್ ಕಣ್ಣು ಮುಚ್ಚಿ ಕೂತರೆ ದಂಡ ಅವರಿಗೂ ಬೀಳುತ್ತದೆ. ಅಲ್ಲಿಗೂ ಆಗದಿದ್ದರೆ ಠಾಣೆಗೆ ಅಥವಾ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಬರೆದು ಕೊಡಿ. ಜಾಗ, ದಿನ, ಹೊತ್ತು ಬರೆಯಿರಿ.

ಸೇದುವವರ ಜೊತೆ ಕೈ ಕೈ ಮಿಲಾಯಿಸಬೇಡಿ. ಫೋನ್ ಎತ್ತಿ ಮುಖಕ್ಕೆ ಹಿಡಿದರೆ ಯಾರಿಗಾದರೂ ಕೋಪ ಬರುತ್ತದೆ. ‘ಸರ್, ನನಗೆ ಹೊಗೆ ಆಗಲ್ಲ, ಸ್ವಲ್ಪ ಆಚೆ ಹೋಗ್ತೀರಾ?’ ಅಂದಾಗ ಬಹಳ ಜನ ಆರಿಸಿಬಿಡುತ್ತಾರೆ. ‘ಸಾರಿ ಅಮ್ಮ’ ಅಂತಲೂ ಹೇಳುತ್ತಾರೆ. ಮೊದಲ ಸಲ ಕೇಳುವಾಗ ನನ್ನ ಕೈ ನಡುಗಿತ್ತು.

ಅವರೇ ‘ಬಿಡ್ತೀನಿ, ಆಗ್ತಿಲ್ಲ’ ಅಂದರೆ ಎಲ್ಲಿಗೆ ಕಳಿಸಲಿ?

ಬೈಯಬೇಡಿ. ನಿಕೋಟಿನ್ ಮೆದುಳಿಗೆ ಹಿಡಿದ ಚಟ, ಬರೀ ಹಟ ಮಾಡಿದ ಮಾತ್ರಕ್ಕೆ ಬಿಡುವಂಥದ್ದಲ್ಲ. 1800-11-2356 ಅನ್ನುವ ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಿಸಿ, ದುಡ್ಡು ಇಲ್ಲ. ದಕ್ಷಿಣದ ಕರೆಗಳನ್ನು ನಮ್ಮ ನಿಮ್ಹಾನ್ಸ್‌ನಲ್ಲೇ ತೆಗೆದುಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಮಾತಾಡಬೇಕು ಅಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಹತ್ತಿರದಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ನಿಕೋಟಿನ್ ಗಮ್, ಪ್ಯಾಚ್, ಮಾತ್ರೆಗಳನ್ನು ಡಾಕ್ಟರ್ ಹೇಳಿದಂತೆ ತೆಗೆದುಕೊಳ್ಳಲಿ. ಒಂದೆರಡು ಸಲ ಬಿಟ್ಟು ಮತ್ತೆ ಹಿಡಿಯುವುದು ಸಾಮಾನ್ಯ.

ಮೊದಲ ಸಲ ಹೋಗುವಾಗ ನೀವೂ ಜೊತೆಗೆ ಹೋಗಿ. ಅಪ್ಪನ ಜೊತೆ ಅಮ್ಮನೇ ಹೋಗಿದ್ದರು, ಪರ್ಸಿನಲ್ಲಿ ಇನ್‌ಹೇಲರ್ ಇಟ್ಟುಕೊಂಡು.